ಬೇರಿನಮ್ಮನ ಮೂಗು

ದಿಂಬಿನ ಮೇಲೆ ಕೂದಲಿತ್ತು. ಒಂದೆರಡು ಎಳೆಯಲ್ಲ, ಒಂದು ಹಿಡಿಯಷ್ಟು.

ಅರಣ್ಯದ ಗಾರ್ಡಿನ ಹೆಂಡತಿ ಅದನ್ನೆಲ್ಲ ಒಟ್ಟುಮಾಡಿ ಮಾತ್ರೆಯ ಕಾಗದದ ಚೀಲಕ್ಕೆ ತುಂಬಿಟ್ಟಿದ್ದಳು. ಅವಳು ಹೊಲಿಗೆಯವಳು. ಬಟ್ಟೆಯ ಚೂರು ಬಿದ್ದರೂ ಎತ್ತಿಡುವ ಕೈ ಅದು, ಗಂಡನ ಕೂದಲನ್ನು ಕಸಕ್ಕೆ ಹಾಕಲು ಒಪ್ಪಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಬೆಳಕು ಹರಿಯುತ್ತಲೇ ನನಗೆ ಫೋನು ಮಾಡಿದ್ದಳು, ನಾನು ಆಸ್ಪತ್ರೆಗೆ ಓಡಿ ಬಂದಿದ್ದೆ.

"ಮುಖ ಒರೆಸೋಣ ಅಂತ ತಲೆ ಎತ್ತಿದೆ ಅಕ್ಕ, ಕೈಗೇ ಬಂತು. ಜ್ವರ ಇಳಿದಿದೆ, ಇನ್ನು ಜೀವಕ್ಕೇನೂ ಭಯ ಇಲ್ಲ ಅಂತ ಡಾಕ್ಟರೇ ಹೇಳಿದ್ರು. ಮತ್ತೆ ಇದೇನು?"

ನನಗೂ ತಕ್ಷಣ ತಿಳಿಯಲಿಲ್ಲ. ಗಾರ್ಡು ನಿದ್ದೆಯಲ್ಲಿದ್ದ. ಊರೆಲ್ಲ ಅವನನ್ನು ಉದ್ದಣ್ಣ ಎನ್ನುವುದು ಸುಮ್ಮನೆ ಅಲ್ಲ. ಆಸ್ಪತ್ರೆಯ ಮಂಚ ಅವನಿಗೆ ಸಾಲದೆ ಕಾಲುಗಳು ಕಂಬಿಯ ಆಚೆ ಚಾಚಿಕೊಂಡಿದ್ದವು, ಯಾರೋ ಪುಣ್ಯಾತ್ಮರು ಅಡಿಗೆ ಒಂದು ಸ್ಟೂಲು ಇಟ್ಟಿದ್ದರು. ಕಾಡಿನಲ್ಲಿ ನನ್ನ ಮುಂದೆ ನಡೆದು, ಮುಳ್ಳಿನ ಕೊಂಬೆ ನನ್ನ ಮುಖಕ್ಕೆ ಬಡಿಯದಂತೆ ಹಿಡಿದು ನಿಲ್ಲುವವನು ಇವನು. ಬಾಯೆಲ್ಲ ಹುಣ್ಣಾಗಿ ನಾಲ್ಕು ದಿನದಿಂದ ಒಂದು ಮಾತು ಆಡಿರಲಿಲ್ಲ.

ಹಿಂದಿನ ವಾರದ ಕಂತು ಓದದವರಿಗೆ ಇಷ್ಟು ಹೇಳಿದರೆ ಸಾಕು. ಐದು ದಿನದ ಹಿಂದೆ ಇವನು ನನ್ನ ಚಿಕ್ಕಮ್ಮ ಕೊಟ್ಟ ಕಷಾಯ ಕುಡಿದ, ಮರುದಿನ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ. ಇದು ಅಗ್ನಿಶಿಖೆಯ ವಿಷ ಎಂದು ಡಾಕ್ಟರು ಬರೆದರು. ಚಿಕ್ಕಮ್ಮನ ಔಷಧಿ ಕೋಣೆಯ ಅಟ್ಟದ ಮೇಲೆ ಪೊಲೀಸರಿಗೆ ಅಗ್ನಿಶಿಖೆಯ ಗೆಡ್ಡೆ ಸಿಕ್ಕಿತು. ಇವತ್ತು ಹತ್ತು ಗಂಟೆಗೆ ಇನ್‌ಸ್ಪೆಕ್ಟರು ಮನೆಗೆ ಬರುತ್ತಾರೆ. ಬರುವುದು ಹಿಡಿಯಲು ಅಲ್ಲ, ರುಜು ಹಾಕಿಸಿಕೊಳ್ಳಲು. ತಪ್ಪು ನನ್ನದೇ, ಬೇರು ಬದಲಾಗಿದೆ ಎಂದು ಚಿಕ್ಕಮ್ಮ ತಾನಾಗಿಯೇ ಹೇಳಿ ಕಳಿಸಿದ್ದಳು.

ಆ ಕಾಗದಕ್ಕೆ ರುಜು ಬಿದ್ದರೆ ಕೋಣೆಗೆ ಬೀಗ ಬೀಳುತ್ತದೆ. ಅವಳಿಗೆ ಸೆರೆಯೂ ಆಗಬಹುದು. ಆದರೆ ನನಗಿದ್ದ ಹೆದರಿಕೆ ಬೇರೆ. ಔಷಧಿ ಕೊಡಬೇಡ ಎಂದರೆ ಚಿಕ್ಕಮ್ಮ ಆರು ತಿಂಗಳು ಬದುಕುವವಳಲ್ಲ.

"ಚಿಕ್ಕಮ್ಮನ ಮೇಲೆ ನನಗೆ ಸಿಟ್ಟಿಲ್ಲ ಅಕ್ಕ," ಎಂದಳು ಹೊಲಿಗೆಯವಳು ಚೀಲದ ಬಾಯಿ ಮಡಿಸುತ್ತಾ. "ನನ್ನ ಎರಡು ಮಕ್ಕಳೂ ಅವರ ಕೈಯಲ್ಲೇ ಉಳಿದದ್ದು. ಇವರಿಗೆ ಗ್ರಹಚಾರ ಕೆಟ್ಟಿದ್ದು ಕಾಡಿಂದ ಬಂದ ದಿನಾನೇ. ಆ ಹಾಳು ಹಳ್ಳದ ನೀರು. ಅವತ್ತು ಶುರುವಾದ್ದು ಇನ್ನೂ ಮುಗಿದೇ ಇಲ್ಲ ನೋಡಿ."

ಹಳ್ಳದ ನೀರು ಅವತ್ತು ನನಗೂ ಒಂದು ದಿನ ಹೊಟ್ಟೆ ಕೆಡಿಸಿತ್ತು, ಅವನಿಗೆ ಮೂರು ದಿನ. ಹಾಗಾಗಿ ಅವಳ ಮಾತಿಗೆ ಹೂಂಗುಟ್ಟಿದೆ. ಹೊರಡುವಾಗ ಚೀಲದಿಂದ ನಾಲ್ಕು ಎಳೆ ತೆಗೆದುಕೊಂಡೆ. ಪ್ರತಿಯೊಂದರ ಬುಡದಲ್ಲೂ ಸಣ್ಣ ಬಿಳಿ ಗಂಟಿತ್ತು. ಕೂದಲು ತುಂಡಾಗಿರಲಿಲ್ಲ, ಬೇರುಸಹಿತ ಕಿತ್ತು ಬಂದಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಾಗ ನೆನಪಾಯಿತು. ಇದನ್ನು ನಾನು ಎಲ್ಲೋ ಓದಿದ್ದೇನೆ.

*

ನನ್ನ ಕೆಲಸ ಒಣಗಿದ ಗಿಡಗಳನ್ನು ಕಾಯುವುದು. ಅರಣ್ಯ ಕಚೇರಿಯ ಹಿಂಭಾಗದ ಕೋಣೆಯಲ್ಲಿ ಹನ್ನೊಂದು ಸಾವಿರ ಗಿಡಗಳಿವೆ, ಎಲ್ಲ ದಪ್ಪ ಹಾಳೆಗೆ ಅಂಟಿಕೊಂಡು ಬೀರುಗಳಲ್ಲಿ ಮಲಗಿವೆ. ಹೊಸ ಗಿಡ ಬಂದರೆ ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸುತ್ತೇನೆ. ಇಡೀ ಊರಿನ ಹಳೆಯ ಪತ್ರಿಕೆ ನನ್ನಲ್ಲಿಗೆ ಬರುವುದರಿಂದ ಕಚೇರಿಯಲ್ಲಿ ನನಗೆ ರದ್ದಿ ಮೇಡಂ ಎಂದು ಹೆಸರು. ಗಿಡ, ಬೇರು, ವಿಷದ ಪ್ರಕರಣ ಬಂದಾಗ ಮಾತ್ರ ಪೊಲೀಸರಿಗೆ ರದ್ದಿಯ ನೆನಪಾಗುತ್ತದೆ.

ಏಳನೆಯ ಬೀರು, ಮೂರನೆಯ ಖಾನೆ. ಅಗ್ನಿಶಿಖೆಯ ಹಾಳೆ ಹೊರತೆಗೆದೆ.

ಬದುಕಿರುವ ಅಗ್ನಿಶಿಖೆಯನ್ನು ನೋಡಿದವರು ಮರೆಯುವುದಿಲ್ಲ. ಬಳ್ಳಿಯ ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಪೊದೆಯನ್ನು ಹಿಡಿದು ಮೇಲೇರುತ್ತದೆ. ಹೂವಿನ ದಳಗಳು ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಎಲ್ಲವೂ ಮೇಲಕ್ಕೆ ಮಡಚಿಕೊಂಡಿರುತ್ತವೆ. ನೆಲದ ಕೆಳಗಿನ ಗೆಡ್ಡೆಗೆ ಮಾತ್ರ ಆ ಠೀವಿ ಇಲ್ಲ. ನೇಗಿಲಿನ ಹಾಗೆ ಕವಲೊಡೆದ, ಕಂದು ಸಿಪ್ಪೆಯ ಗೆಡ್ಡೆ. ಕತ್ತರಿಸಿ ಬೇಯಿಸಿದರೆ ಕಾಡುಗೆಣಸಿಗೂ ಅದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ನನಗಂತೂ ಆಗದು. ನಾನು ಹೂವಿನಿಂದ, ಎಲೆಯಿಂದ ಗಿಡ ಗುರುತಿಸುವವಳು.

ಹಾಳೆಯ ಮೂಲೆಯಲ್ಲಿ ಆ ಗಿಡ ತಂದವರ ಚೀಟಿ ಇತ್ತು. ಅರವತ್ತು ವರ್ಷದ ಹಿಂದಿನ ಅಕ್ಷರ. ಗುಡ್ಡದ ಯಾವ ಮಗ್ಗುಲು, ಯಾವ ತಿಂಗಳು, ಹೂವಿನ ಬಣ್ಣ. ಅದರ ಕೆಳಗೆ ಸೀಸದಕಡ್ಡಿಯಲ್ಲಿ ಹೀಗೆ ಬರೆದಿತ್ತು: ಇದರ ಗೆಡ್ಡೆಯನ್ನು ಗೆಣಸೆಂದು ಬೇಯಿಸಿ ತಿಂದ ನಮ್ಮ ಇಬ್ಬರು ಕೂಲಿಗಳು ಕಷ್ಟದಿಂದ ಉಳಿದುಕೊಂಡರು. ಮೊದಲು ವಾಂತಿ, ಭೇದಿ. ವಾರದ ಹೊತ್ತಿಗೆ ಬಾಯಿಹುಣ್ಣು, ಜ್ವರ. ಹತ್ತು ದಿನ ಕಳೆದ ಮೇಲೆ ತಲೆಗೂದಲು ಉದುರಿತು. ಮೂರು ತಿಂಗಳಿಗೆ ಮತ್ತೆ ಬಂತು.

ಹತ್ತು ದಿನ ಕಳೆದ ಮೇಲೆ.

ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಎಣಿಸಿದೆ. ಚಿಕ್ಕಮ್ಮ ಕಷಾಯ ಕೊಟ್ಟು ಐದೇ ದಿನ. ಅವಳ ಬಳಿ ಬರುವ ಹೊತ್ತಿಗೇ ಗಾರ್ಡಿಗೆ ಬಾಯಿಹುಣ್ಣಿತ್ತು, ಜ್ವರವಿತ್ತು, ಅದಕ್ಕೇ ಅಲ್ಲವೇ ಅವನು ಬಂದದ್ದು. ವಿಷ ಅವನ ಹೊಟ್ಟೆ ಸೇರಿದ್ದು ಅದಕ್ಕೂ ಮೊದಲು. ಹನ್ನೊಂದು ದಿನದ ಹಿಂದೆ, ನಾವು ಕಾಡಿಗೆ ಹೋಗಿದ್ದ ದಿನ, ಅಥವಾ ಅದರ ಆಸುಪಾಸು.

ಆ ದಿನದ ವರದಿ ಇನ್ನೂ ನನ್ನ ಮೇಜಿನ ಖಾನೆಯಲ್ಲೇ ಇತ್ತು. ನಾವು ಹೋಗಿದ್ದದ್ದು ಇದೇ ಬಳ್ಳಿಯನ್ನು ಎಣಿಸಲು. ಹೋದ ವರ್ಷ ಆ ಗುಡ್ಡದ ಮೇಲೆ ನೂರ ನಲವತ್ತು ಬಳ್ಳಿ ಇದ್ದವು, ಈ ವರ್ಷ ಒಂಬತ್ತು. ಉಳಿದ ಕಡೆಯೆಲ್ಲ ಗುಂಡಿ. ಮುಳ್ಳುಹಂದಿಯ ಹಾವಳಿ ಎಂದು ನಾನು ಬರೆದುಕೊಳ್ಳಲು ಹೊರಟಾಗ ಉದ್ದಣ್ಣ ಕೂತು ಗುಂಡಿಯೊಳಗೆ ಕೈ ಹಾಕಿದ. ಮುಳ್ಳುಹಂದಿ ತೋಡಿದರೆ ಮಣ್ಣು ಹಿಂದಕ್ಕೆ ಎರಚಿರುತ್ತದೆ, ಅರ್ಧ ಕಡಿದ ಚೂರು ಬಿದ್ದಿರುತ್ತದೆ, ಹುಡುಕಿದರೆ ಒಂದು ಮುಳ್ಳಾದರೂ ಸಿಗುತ್ತದೆ, ಇಲ್ಲಿ ಗುಂಡಿಯ ಗೋಡೆ ನೆಟ್ಟಗಿದೆ, ಇದು ಹಾರೆಯ ಕೆಲಸ ಎಂದ. ಮೇಲೆ ಮರದಲ್ಲಿ ಒಂದು ಕೆಂಜಳಿಲು ನಮ್ಮಿಬ್ಬರಿಗೂ ಬೈಯುತ್ತಾ ಕೂತಿತ್ತು. ಅಗ್ನಿಶಿಖೆಗೆ ದೂರದ ಔಷಧಿ ಕಂಪನಿಗಳು ಎಂಥ ಬೆಲೆ ಕೊಡುತ್ತವೆ ಎಂಬುದು ಬೇರು ತೊಗಟೆ ಮಾರುವ ಎಲ್ಲ ಅಂಗಡಿಗಳಿಗೂ ಗೊತ್ತು.

ಇಲ್ಲೇ ನಾನು ಎಡವಿದ್ದು. ಅವತ್ತು ಉದ್ದಣ್ಣ ಏನು ತಿಂದ, ಎಲ್ಲಿ ತಿಂದ ಎಂದು ಕೂತು ಯೋಚಿಸಬೇಕಿತ್ತು. ಬೇರೆಯವರ ಪ್ರಕರಣವಾಗಿದ್ದರೆ ಯೋಚಿಸಿಯೂ ಇರುತ್ತಿದ್ದೆ. ಐದು ದಿನದ ಹಿಂದಿನ ಕಷಾಯವಲ್ಲ ಎಂದು ಗೊತ್ತಾದದ್ದೇ ತಡ, ನನ್ನ ತಲೆಯಲ್ಲಿ ಮತ್ತೆ ಯಾವುದಕ್ಕೂ ಜಾಗವಿರಲಿಲ್ಲ. ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟುಕೊಂಡು ಮನೆಗೆ ಓಡಿದೆ.

*

ಚಿಕ್ಕಮ್ಮ ಔಷಧಿ ಕೋಣೆಯಲ್ಲಿದ್ದಳು. ಒಗೆದು ಮಡಿಸಿಟ್ಟಿದ್ದ ಬಟ್ಟೆ ಉಟ್ಟಿದ್ದಳು. ಬಾಗಿಲ ಪಕ್ಕ ಒಂದು ಕೈಚೀಲ ಸಿದ್ಧವಾಗಿತ್ತು, ಅದರೊಳಗೆ ಹಲ್ಲುಜ್ಜುವ ಬ್ರಷ್ಷಿನಿಂದ ಹಿಡಿದು ಕಾಲಿಗೆ ಹಚ್ಚುವ ಎಣ್ಣೆಯವರೆಗೆ ಎಲ್ಲ ಇದ್ದವು. ಸೆರೆಮನೆಗೂ ಎಣ್ಣೆ ಸೀಸೆ ಒಯ್ಯುವವಳು ನನ್ನ ಚಿಕ್ಕಮ್ಮ ಒಬ್ಬಳೇ ಇರಬೇಕು.

ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ಹೋದಳು. ಚಿಕ್ಕಮ್ಮ ನನ್ನನ್ನು ಎತ್ತಿಕೊಂಡು ಈ ಕೋಣೆಗೆ ಬಂದಳು, ಆಮೇಲೆ ಮದುವೆಯ ಮಾತೇ ಎತ್ತಲಿಲ್ಲ. ನಾನು ಬೆಳೆದದ್ದು ಈ ಜಾಡಿಗಳ ನಡುವೆ. ನೂರಾರು ಜಾಡಿಗಳಿದ್ದರೂ ಒಂದಕ್ಕೂ ಹೆಸರಿನ ಚೀಟಿ ಇರಲಿಲ್ಲ. ಮುಚ್ಚಳ ತೆಗೆದು ಮೂಸಿದರೆ ಸಾಕಿತ್ತು ಅವಳಿಗೆ. ಒಮ್ಮೆ ಪೇಟೆಯಿಂದ ಬಂದ ಒಂದು ಮೂಟೆ ತೊಗಟೆಯನ್ನು ಬಾಗಿಲಲ್ಲೇ ನಿಲ್ಲಿಸಿ, ಇದು ಮಳೆಯಲ್ಲಿ ನೆನೆದು ಮತ್ತೆ ಒಣಗಿದೆ, ಒಯ್ಯಿರಿ ಎಂದು ಹೇಳಿ ಕಳಿಸಿದ್ದಳು. ಬೇರಿನಮ್ಮನ ಮೂಗು ಎಂದರೆ ಊರಿಗೆಲ್ಲ ಅಷ್ಟು ಭರವಸೆ. ನಮ್ಮ ಇನ್‌ಸ್ಪೆಕ್ಟರ ಬಾಲ್ಯದ ಗೂರಲು ವಾಸಿಮಾಡಿದ್ದೂ ಅವಳೇ. ಅದಕ್ಕೇ ಅವರು ರುಜುವಿನ ಕಾಗದ ತರಲು ಮೂರು ದಿನ ತಡಮಾಡಿದ್ದರು.

ನಾನು ತಂದ ಸುದ್ದಿ ಹೇಳುವ ಮೊದಲೇ ಅವಳು ಕೆಲಸ ಹಚ್ಚಿದಳು. ಮೇಲಿನ ಸಾಲಿನ ಜಾಡಿಗಳನ್ನು ಇಳಿಸಿಕೊಡು, ಯಾರಿಗಾದರೂ ಉಪಯೋಗವಾಗಲಿ ಎಂದಳು. ಇಳಿಸಿದೆ.

ಮೊದಲನೆಯ ಜಾಡಿಯ ಹಿಂಬದಿಗೆ ಒಂದು ಚೀಟಿ ಅಂಟಿತ್ತು. ಎರಡನೆಯದಕ್ಕೂ ಇತ್ತು. ಮೂರನೆಯದಕ್ಕೂ. ಎಲ್ಲವೂ ಗೋಡೆಯ ಕಡೆ ಮುಖ ಮಾಡಿದ್ದವು. ನೀಲಿ ಪೆನ್ಸಿಲ್ಲಿನ ದಪ್ಪ ಅಕ್ಷರ, ಅಂಚುಗಳು ಆಗಲೇ ಹಳದಿಗಟ್ಟಿದ್ದವು.

ಆ ಅಕ್ಷರ ಯಾರದೆಂದು ನನಗೆ ಗೊತ್ತಿತ್ತು. ಪೇಟೆಯ ಮೂಲೆಯಲ್ಲಿ ಬೇರು ತೊಗಟೆ ಮಾರುವ ಅಂಗಡಿ ಮಾವನದು. ನೆಂಟರಲ್ಲ, ಆದರೂ ನಾನು ಅವರನ್ನು ಮಾವ ಎನ್ನುತ್ತೇನೆ. ಹೆಂಡತಿ ತೀರಿಕೊಂಡ ಮೇಲೆ ಇಪ್ಪತ್ತು ವರ್ಷದಿಂದ ಪ್ರತಿ ಬೆಳಗ್ಗೆ ಏಳೂವರೆಗೆ ಬೇರಿನ ಕಟ್ಟು ಹಿಡಿದು ಬರುತ್ತಾರೆ, ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ಹರಟುತ್ತಾರೆ, ಆಮೇಲೆ ಅಂಗಡಿ ತೆರೆಯುತ್ತಾರೆ. ಅವರು ಹೋದ ಮೇಲೆ ಚಿಕ್ಕಮ್ಮ ಸ್ವಲ್ಪ ಹೊತ್ತು ಹಾಡು ಗುನುಗುತ್ತಾಳೆ. ಇಷ್ಟು ವರ್ಷವೂ ನಾನು ಅದನ್ನು ಕೇಳಿಯೂ ಕೇಳದವಳಂತೆ ಇದ್ದೇನೆ.

ಕೈಯಲ್ಲಿದ್ದ ಜಾಡಿಯ ಬಾಯಿಗೆ ಕಟ್ಟಿದ ದಾರವನ್ನು ಬಿಚ್ಚಲು ನೋಡಿದೆ. ಅದೂ ಮಾವನ ಗಂಟೇ. ಎರಡು ಸುತ್ತು, ತುದಿ ಒಳಗೆ ತುರುಕಿ ಒಂದು ಎಳೆತ. ಅಂಗಡಿಯ ಪೊಟ್ಟಣಗಳಿಗೆ ಹಾಕುವ ಗಂಟು, ಉಗುರಿಗೆ ಜಗ್ಗದು. ಚಿಕ್ಕಮ್ಮ ಕತ್ತರಿ ಕೊಟ್ಟಳು. ಬೆರಳ ಸಂದು ನೋಯುತ್ತದೆ, ಈಚೆಗೆ ಎಲ್ಲ ಅವರೇ ಕಟ್ಟಿಕೊಡುತ್ತಾರೆ ಎಂದಳು.

ಬೆರಳ ನೋವಿಗೆ ಗಂಟು ಕಟ್ಟಿಕೊಡುವುದು ಸರಿ. ಚೀಟಿ ಯಾಕೆ?

ನಾನು ಸೊಗದೆ ಬೇರಿನ ಪೊಟ್ಟಣ ತೆಗೆದೆ. ಗಾರ್ಡಿನ ಬಾಯಿಹುಣ್ಣಿಗೆ, ಮೈಯ ಉರಿಗೆ ಅವಳು ಕಷಾಯ ಮಾಡಿ ಕೊಟ್ಟದ್ದು ಇದನ್ನೇ, ಪೊಲೀಸರು ಅರ್ಧ ಒಯ್ದು ಅರ್ಧ ಬಿಟ್ಟಿದ್ದರು. ಒಣಗಿದ ಸೊಗದೆ ಕಣ್ಣಿಗೆ ಬರಿಯ ಕಂದು ದಾರ, ಅದರ ಹಾಗೆಯೇ ಕಾಣುವ ಬೇರುಗಳು ಹತ್ತಾರಿವೆ. ಅದನ್ನು ಹಿಡಿದುಕೊಡುವುದು ಆ ತಂಪಾದ ಸಿಹಿ ವಾಸನೆ ಮಾತ್ರ. ಪಕ್ಕದ ಜಾಡಿಯಿಂದ ಅಷ್ಟೇ ಸಪೂರದ, ವಾಸನೆಯೇ ಇಲ್ಲದ ಇನ್ನೊಂದು ಬೇರು ತೆಗೆದು, ಎರಡು ಕೈಯಲ್ಲಿ ಒಂದೊಂದು ಹಿಡಿದು ಅವಳ ಮುಂದೆ ಚಾಚಿದೆ.

"ಸೊಗದೆ ಯಾವುದು ಚಿಕ್ಕಮ್ಮ?"

ಅವಳು ನನ್ನ ಮುಖ ನೋಡಿದಳು. ಬಲಗೈಯ ಬೇರು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು, ಎಡಗೈಯದನ್ನೂ ಹಿಡಿದಳು. ಒಂದನ್ನು ಮುರಿದು ಸದ್ದು ಕೇಳಿದಳು. ಸಿಪ್ಪೆಯನ್ನು ಉಗುರಿನಿಂದ ಕೆರೆದಳು. ಆಮೇಲೆ ಗೋಡೆಗೆ ಕೈ ಊರಿ ನಿಧಾನವಾಗಿ ನೆಲಕ್ಕೆ ಕೂತು ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡಳು.

"ಗೊತ್ತಾಗಲ್ಲ ಕಣೇ."

"ಯಾವಾಗಿಂದ?"

"ಹೋದ ವರ್ಷ ಜ್ವರ ಬಂತಲ್ಲ, ನೀನು ರಜಾ ಹಾಕಿ ಕೂತಿದ್ದೆ. ಜ್ವರ ಹೋಯ್ತು. ಮೂಗು ವಾಪಸ್ ಬರಲಿಲ್ಲ."

ಒಂದು ವರ್ಷ. ಒಂದೇ ಸೂರಿನಡಿ ಇದ್ದು, ದಿನಾ ಜೊತೆಗೆ ಊಟ ಮಾಡಿ, ನನಗೆ ತಿಳಿಯಲಿಲ್ಲ. ಹಾಲು ಸೀದು ಮನೆಯೆಲ್ಲ ಕಮಟಾಗಿದ್ದ ದಿನ ಅವಳು ಪಕ್ಕದಲ್ಲೇ ಕೂತು ಕಾಳು ಆರಿಸುತ್ತಿದ್ದಳು. ಆಗ ನಾನು ನಕ್ಕು, ಮುದುಕಿಯಾದೆ ಎಂದು ರೇಗಿಸಿದ್ದೆ. ಊರಿನ ಬೇರುಗಳ ಪತ್ತೆ ಮಾಡುವ ರದ್ದಿ ಮೇಡಂಗೆ ತನ್ನ ಮನೆಯ ಮೂಗು ಕಳೆದುಹೋದದ್ದು ಕಾಣಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಅವಳು ಹೇಳುತ್ತಾ ಹೋದಳು, ನಾನು ಪಕ್ಕದಲ್ಲಿ ಕೂತು ಕೇಳಿದೆ. ಮೊದಲೆರಡು ತಿಂಗಳು ಯಾರಿಗೂ ಹೇಳದೆ ಸರಿಹೋದೀತೆಂದು ಕಾದಳಂತೆ. ಆಮೇಲೆ ಮಾವನಿಗೆ ಹೇಳಿದಳಂತೆ. ಅವರು ನಗಲಿಲ್ಲ, ಔಷಧಿ ಕೊಡುವುದು ನಿಲ್ಲಿಸು ಎನ್ನಲೂ ಇಲ್ಲ. ಮರುದಿನ ನೀಲಿ ಪೆನ್ಸಿಲ್ಲು ತಂದು ಒಂದೊಂದೇ ಜಾಡಿ ಮೂಸಿ ಚೀಟಿ ಅಂಟಿಸಿದರು. ಬಂದವರಿಗೆ ಕಾಣದಿರಲಿ ಎಂದು ಗೋಡೆಯ ಕಡೆ ತಿರುಗಿಸಿದವರೂ ಅವರೇ. ಅವತ್ತಿನಿಂದ ಹೊಸ ಕಟ್ಟು ಯಾವುದು ಬಂದರೂ ಮಾವ ಮೂಸಿದ ಮೇಲೆಯೇ ಒಳಗೆ ಬರುತ್ತಿತ್ತು.

"ಅವರ ಮೂಗು, ನನ್ನ ಕೈ. ಹಾಗೇ ನಡೀತಾ ಇತ್ತು. ಗಾರ್ಡು ಬಂದ ದಿನ ಅವರು ಊರಲ್ಲಿರಲಿಲ್ಲ. ಹೊಸ ಪೊಟ್ಟಣಕ್ಕೆ ಇನ್ನೂ ಚೀಟಿ ಬಿದ್ದಿರಲಿಲ್ಲ. ಆ ಹುಡುಗನ ಬಾಯಿ ನೋಡೋಕಾಗ್ಲಿಲ್ಲ ನನಗೆ. ನಾನೇ ತೆಗೆದು ಕುದಿಸಿದೆ." ಮಡಿಲಿನ ಬೇರುಗಳನ್ನು ಸವರುತ್ತಾ ಹೇಳಿದಳು, "ನಲವತ್ತು ವರ್ಷದಲ್ಲಿ ಒಂದೇ ಒಂದು ಸಲ ವಾಸನೆ ನೋಡದೆ ಔಷಧಿ ಕೊಟ್ಟೆ. ಅದಕ್ಕೇ ರುಜು ಹಾಕ್ತೀನಿ ಅಂದಿದ್ದು. ಯಾರ ಬಲವಂತವೂ ಅಲ್ಲ."

ನಾನು ಅವಳ ಮಡಿಲಿನಿಂದ ಪೊಟ್ಟಣದ ಬೇರನ್ನು ತೆಗೆದು ಮೂಸಿದೆ. ಬಾಲ್ಯದ ಬೇಸಗೆಗಳೆಲ್ಲ ಒಮ್ಮೆಲೇ ಬಂದವು. ಅದು ಸೊಗದೆಯೇ, ಒಳ್ಳೆಯ ಎಳೆ ಸೊಗದೆ.

"ನನ್ನ ಸಮಾಧಾನಕ್ಕೆ ಹೇಳಬೇಡ," ಎಂದಳು.

"ಸಮಾಧಾನಕ್ಕೆ ಹೇಳೋದಾದ್ರೆ ಸಾಕ್ಷಿ ಹೊತ್ಕೊಂಡು ಬರ್ತಿದ್ನಾ?"

ರಟ್ಟು ಬಿಚ್ಚಿ ಹಾಳೆಯನ್ನು ನೆಲದ ಮೇಲೆ ಇಟ್ಟೆ. ಸೀಸದಕಡ್ಡಿಯ ಅಕ್ಷರಗಳನ್ನು ಓದಿ ಹೇಳಿದೆ. ಕರವಸ್ತ್ರದಿಂದ ಉದ್ದಣ್ಣನ ಕೂದಲು ತೆಗೆದು ತೋರಿಸಿದೆ. ಅವಳು ಒಂದು ಎಳೆಯ ಬುಡವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬಾಯಲ್ಲೇ ದಿನ ಎಣಿಸುತ್ತಿದ್ದಳು. ಆ ಗೆಡ್ಡೆಯ ಕೆಟ್ಟ ಗುಣ ಅವಳಿಗೆ ಗೊತ್ತಿಲ್ಲದ್ದಲ್ಲ, ಹೊರಗೆ ಹಚ್ಚುವ ಲೇಪಕ್ಕೆಂದೇ ಅದನ್ನು ಅಟ್ಟದ ಮೇಲೆ ಬೇರೆ ಇಟ್ಟಿದ್ದಳು. ಆದರೆ ತಾನೇ ತಪ್ಪಿತಸ್ಥೆ ಎಂದು ಒಮ್ಮೆ ನಂಬಿದವಳು ದಿನ ಎಣಿಸಲು ಹೋಗಿರಲಿಲ್ಲ.

"ನನ್ನ ಕೈಯಿಂದ ಅಲ್ಲ," ಎಂದಳು.

"ಅಲ್ಲ."

"ಹುಡುಗನ ಕೂದಲು ಮತ್ತೆ ಬರುತ್ತೆ ತಾನೇ?"

"ಮೂರು ತಿಂಗಳಿಗೆ."

ಅವಳು ಅತ್ತಳು. ಅಳುತ್ತಲೇ ನಕ್ಕಳು. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು, ಅಯ್ಯೋ ನನ್ನ ರದ್ದಿಯೇ ಎಂದಳು. ಆ ಹೆಸರು ಅವಳ ಬಾಯಲ್ಲಿ ಅಷ್ಟೇನೂ ಕೆಟ್ಟದಾಗಿರಲಿಲ್ಲ. ನಾನು ಇನ್‌ಸ್ಪೆಕ್ಟರಿಗೆ ಫೋನು ಮಾಡಿ ಕಾಗದ ತರಬೇಡಿ, ಬರಿಗೈಯಲ್ಲಿ ಬನ್ನಿ ಎಂದೆ. ಎಲ್ಲ ಕೇಳಿಸಿಕೊಂಡು ಅವರು ನಿಟ್ಟುಸಿರು ಬಿಟ್ಟದ್ದು ಫೋನಿನಲ್ಲೂ ತಿಳಿಯಿತು. ಆಮೇಲೆ ಪೊಲೀಸರ ದನಿಯಲ್ಲಿ, ಹಾಗಾದರೆ ಹನ್ನೊಂದು ದಿನದ ಹಿಂದೆ ಅವನಿಗೆ ತಿನ್ನಿಸಿದವರು ಯಾರು ಎಂದು ಕೇಳಿದರು. ಅದನ್ನು ಹತ್ತು ಗಂಟೆಗೆ ಹೇಳುತ್ತೇನೆ ಎಂದು ಜಂಭದಿಂದ ಫೋನು ಇಟ್ಟೆ.

*

ಅಂಗಳದ ಮೆಟ್ಟಿಲಿಗೆ ಬಿಸಿಲು ಬಂದಿತ್ತು. ಒಣಹಾಕಿದ್ದ ನೆಲ್ಲಿಯ ಚೂರನ್ನು ಅಳಿಲೊಂದು ಕದಿಯುತ್ತಿತ್ತು, ಎಂದಿನಂತೆ ಚಿಕ್ಕಮ್ಮ ಅದನ್ನು ಓಡಿಸಲಿಲ್ಲ. ಕೈಚೀಲದಿಂದ ಎಣ್ಣೆ ಸೀಸೆಯನ್ನೂ ಬಾಚಣಿಗೆಯನ್ನೂ ವಾಪಸು ತೆಗೆದಳು. ಮೂರು ದಿನದಿಂದ ತಲೆ ಬಾಚಿಲ್ಲ, ಹಕ್ಕಿ ಗೂಡು ಕಟ್ಟೀತು, ಬಾ ಇಲ್ಲಿ ಎಂದಳು. ನನಗೆ ನಲವತ್ತೆರಡು ವರ್ಷ. ಹೋಗಿ ಕೆಳಗಿನ ಮೆಟ್ಟಿಲ ಮೇಲೆ, ಅವಳ ಮೊಣಕಾಲುಗಳ ನಡುವೆ ಕೂತೆ.

ಕಣ್ಣು ಮುಚ್ಚಿದೆ. ಮಾವನಿಗೆ ಸುದ್ದಿ ಹೇಳಿದರೆ ಎಷ್ಟು ಸಂತೋಷಪಡುತ್ತಾರೋ ಎಂದಳು. ಇನ್ನು ಚೀಟಿಗಳನ್ನು ಮುಂದಕ್ಕೆ ತಿರುಗಿಸೋಣ, ಊರಿಗೆ ಹೇಳಿಯೇ ಬಿಡೋಣ ಎಂದಳು. ಬಾಚಣಿಗೆ ಎರಡು ಸಲ ಮೇಲಿಂದ ಕೆಳಕ್ಕೆ ಇಳಿಯಿತು.

ಮೂರನೆಯ ಸಲ ನಡುವೆ ನಿಂತಿತು.

ಸಿಕ್ಕಿರಬೇಕು ಎಂದುಕೊಂಡೆ. ಆದರೆ ನೋವಾಗಲಿಲ್ಲ. ನನ್ನ ಹೆಗಲ ಮೇಲಿಂದ ಅವಳ ಕೈ ನಿಧಾನವಾಗಿ ಮುಂದೆ ಬಂತು. ಬಾಚಣಿಗೆಯ ಹಲ್ಲುಗಳಲ್ಲಿ ಕೂದಲು ತುಂಬಿತ್ತು. ಉದ್ದ ಕೂದಲು, ನನ್ನದು. ಪ್ರತಿ ಎಳೆಯ ಬುಡದಲ್ಲೂ ಸಣ್ಣ ಬಿಳಿ ಗಂಟು.

ಹಳ್ಳದ ನೀರು. ನನಗೆ ಒಂದು ದಿನ, ಅವನಿಗೆ ಮೂರು ದಿನ.

ಆ ಹಳ್ಳದ ನೀರನ್ನು ನಾವು ಹತ್ತು ವರ್ಷದಿಂದ ಕುಡಿಯುತ್ತಿದ್ದೇವೆ. ಅವತ್ತು ನಾವಿಬ್ಬರೂ ಸೇರಿ ತಿಂದದ್ದು ಒಂದೇ. ಗುಡ್ಡದ ನೆತ್ತಿಯಲ್ಲಿ, ಬಂಡೆಯ ನೆರಳಿನಲ್ಲಿ, ಮನೆಯಿಂದ ನಾನು ಒಯ್ದಿದ್ದ ಡಬ್ಬಿಯ ಬೇಯಿಸಿದ ಗೆಣಸು. ಒಂದು ಹೋಳು ಬಾಯಿಗೆ ಹಾಕಿಕೊಂಡು, ಯಾಕೋ ಕಹಿ ಎಂದು ನಾನು ಡಬ್ಬಿಯನ್ನು ಉದ್ದಣ್ಣನ ಕಡೆ ತಳ್ಳಿದ್ದೆ. ಖಾರ ಇದ್ದರೆ ಅವನಿಗೆ ಕಹಿಯೂ ನಡೆಯುತ್ತದೆ. ಚಿಕ್ಕಮ್ಮ ಮಾಡಿದ್ದು, ಬಿಟ್ಟರೆ ಪಾಪ ಬರುತ್ತೆ ಎಂದು ತಳ ಸವರಿ ತಿಂದಿದ್ದ.

ಚಿಕ್ಕಮ್ಮ ಮಾಡಿದ್ದು.

ಅರ್ಧ ಗಂಟೆಯ ಹಿಂದೆ ಅವಳನ್ನು ಬಿಡಿಸಿದ ಲೆಕ್ಕವೇ ಈಗ ಅವಳ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿತ್ತು. ಮೂಗಿಲ್ಲದವಳು, ಗೆಡ್ಡೆ ಯಾವುದು ಗೆಣಸು ಯಾವುದು ಎಂದು ತಿಳಿಯದೆ ಬೇಯಿಸಿಬಿಟ್ಟಳೇ?

"ಚಿಕ್ಕಮ್ಮ, ಕಾಡಿಗೆ ಹೋದ ದಿನ ಡಬ್ಬಿಗೆ ಗೆಣಸು ಹಾಕಿದ್ಯಲ್ಲ. ಅದು ಎಲ್ಲಿಂದ ತಂದಿದ್ದು?"

"ಯಾವ ಡಬ್ಬಿ?"

"ನೀಲಿ ಬಟ್ಟೆ ಸುತ್ತಿ, ದಾರ ಬಿಗಿದು ಅಡುಗೆಮನೆ ಹೊಸ್ತಿಲ ಮೇಲೆ ನೀನೇ ಇಟ್ಟಿದ್ಯಲ್ಲ. ನಾನು ಎಂಟು ಗಂಟೆಗೆ ಹೊರಡೋವಾಗ ಎತ್ಕೊಂಡು ಹೋದೆ."

ಅವಳು ಬಾಚಣಿಗೆಯನ್ನು ಮಡಿಲಿಗೆ ಇಳಿಸಿದಳು.

"ನಾನು ಅವತ್ತು ಒಲೆಯನ್ನೇ ಹಚ್ಚಿರಲಿಲ್ಲ ಕಣೇ. ಬೆರಳು ಅಷ್ಟು ನೋಯ್ತಿತ್ತು. ನೀನೇ ಬೇಯಿಸಿ ಕಟ್ಕೊಂಡು ಹೋದೆ ಅಂದ್ಕೊಂಡಿದ್ದೆ."

ಅಳಿಲು ನೆಲ್ಲಿಯ ಚೂರು ಬಿಟ್ಟು ಮರ ಹತ್ತಿತು.

ಆ ಡಬ್ಬಿ ಉದ್ದಣ್ಣನಿಗೆಂದು ಇಟ್ಟದ್ದಲ್ಲ. ನನ್ನ ಮನೆಯ ಹೊಸ್ತಿಲ ಮೇಲೆ ನನಗೆಂದೇ ಇಟ್ಟದ್ದು. ಹಿಂದಿನ ದಿನ ಇದೇ ಮೆಟ್ಟಿಲ ಮೇಲೆ ಕೂತು, ನಾಳೆ ಗುಡ್ಡಕ್ಕೆ ಹೋಗಿ ಅಗ್ನಿಶಿಖೆ ಎಣಿಸುತ್ತೇವೆ, ಕಡಿಮೆಯಾಗಿದ್ದರೆ ವರದಿ ಬರೆಯುತ್ತೇನೆ ಎಂದು ನಾನು ಹೇಳಿದ್ದೆ. ಆಗ ಇಲ್ಲಿ ಇದ್ದವರು ಮೂವರು. ಒಬ್ಬಳು ನಾನು, ಒಬ್ಬಳು ಚಿಕ್ಕಮ್ಮ.

ಇನ್ನೊಂದು ವಿಷಯ ನೆನಪಾಯಿತು. ಬೇಡವೆಂದರೂ ಬಂತು. ಬಂಡೆಯ ನೆರಳಿನಲ್ಲಿ ಡಬ್ಬಿಯ ದಾರ ಬಿಚ್ಚಲು ಉದ್ದಣ್ಣ ಐದು ನಿಮಿಷ ಒದ್ದಾಡಿದ್ದ. ಎರಡು ಸುತ್ತು, ತುದಿ ಒಳಗೆ. ಕೊನೆಗೆ ಹಲ್ಲಿನಿಂದ ಕಡಿದು, ಚಿಕ್ಕಮ್ಮ ಊಟ ಕಟ್ಟಿದ್ದಾರೋ ಖಜಾನೆ ಕಟ್ಟಿದ್ದಾರೋ ಎಂದು ನಕ್ಕಿದ್ದ.

ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕತ್ತರಿಸಿದ ದಾರದ ತುಂಡು ಇನ್ನೂ ಔಷಧಿ ಕೋಣೆಯ ನೆಲದ ಮೇಲೆ ಬಿದ್ದಿತ್ತು, ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಚಿಕ್ಕಮ್ಮ ಅದನ್ನೇ ನೋಡುತ್ತಿದ್ದಳು.

ಅಂಗಳದ ಬೇಲಿಯ ಆಚೆ ಯಾರೋ ಕೆಮ್ಮಿದರು.

ಏಳೂವರೆಯಾಗಿತ್ತು. ಇಪ್ಪತ್ತು ವರ್ಷದಿಂದ ಆ ಕೆಮ್ಮು ಕೇಳಿದೊಡನೆ ಚಿಕ್ಕಮ್ಮ ಮನೆಯ ಯಾವ ಮೂಲೆಯಲ್ಲಿದ್ದರೂ ಬನ್ನಿ ಎನ್ನುತ್ತಾಳೆ. ಇವತ್ತು ಎನ್ನಲಿಲ್ಲ. ಬಾಚಣಿಗೆಯಿಂದ ನನ್ನ ಕೂದಲನ್ನು ಬಿಡಿಸಿ, ಕರವಸ್ತ್ರದಲ್ಲಿಟ್ಟು, ನೋಯುವ ಬೆರಳುಗಳಿಂದಲೇ ಗಂಟು ಹಾಕಿದಳು.

ಮಾವ ಬೇಲಿಯ ಬಾಗಿಲು ತಳ್ಳಿಕೊಂಡು ತಾವಾಗಿಯೇ ಒಳಗೆ ಬಂದರು. ಒಂದು ಕೈಯಲ್ಲಿ ಬೇರಿನ ಕಟ್ಟು, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಡಬ್ಬಿ. ಆಸ್ಪತ್ರೆಯ ಓಡಾಟದಲ್ಲಿ ಮಗಳು ಸೊರಗಿದ್ದಾಳೆ, ತಿನ್ನಲು ಸ್ವಲ್ಪ ಏನೋ ತಂದೆ ಎಂದು ದೂರದಿಂದಲೇ ಹೇಳಿದರು. ಅವರ ಮುಖದಲ್ಲಿ ಎಂದಿನ ಅದೇ ನಗುವಿತ್ತು.

ನಾನು ಏಳಲು ಹೋದೆ. ಚಿಕ್ಕಮ್ಮ ನನ್ನ ಹೆಗಲನ್ನು ಒತ್ತಿ ಕೂರಿಸಿದಳು, ಬಾಗಿ ನನ್ನ ಕಿವಿಯಲ್ಲಿ ಹೇಳಿದಳು.

"ನೀನು ಮಾತಾಡಬೇಡ ಮಗಳೇ. ಇವರನ್ನ ನಾನೇ ಕೇಳ್ತೀನಿ."